ಲಡಿಗೆ ಸುತ್ತಿದ ಹಾಳೆ

ಕೊಳ್ಳೇಗಾಲ
ಶ್ರಾವಣ ಸೋಮವಾರ, ೧೯೩೮

ಯಳಂದೂರಿನ ಅಣ್ಣನಿಗೆ ಚೌಡಮ್ಮನ ನಮಸ್ಕಾರ.

ಮನೆಯಲ್ಲಿ ಎಲ್ಲರೂ ಕ್ಷೇಮ. ಪುಸ್ತಕ ಮಾತ್ರ ಇಲ್ಲ.

ನೀನು ಕೊಟ್ಟ ಕಥೆಯ ಪುಸ್ತಕವನ್ನು ನಾನೂ ಸಿದ್ದಮ್ಮನೂ ಅರ್ಧ ಓದಿದ್ದೆವು. ಸಿದ್ದಮ್ಮ ಎಂದರೆ ನೂಲಿಗೆ ಬಣ್ಣ ಕಾಯಿಸುವ ಒಲೆಗೆ ಸೌದೆ ತರುವ ಕೆಳಗಿನ ಕೇರಿಯವಳು. ನೀನು ನನಗೆ ಕಲಿಸಿದ ಅಕ್ಷರವನ್ನು ನಾನು ಅವಳಿಗೆ ಇದ್ದಿಲಿನಲ್ಲಿ ಬರೆದು ಕಲಿಸಿದ್ದೆ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತಿದ್ದನ್ನು ಮಾವನವರು ಕಂಡರು.

"ಅವ್ಳು ಮುಟ್ಟಿದ ಪುಸ್ತಕ ಮಗ್ಗದ ಮನೇಲಿ ಇರಕೂಡ್ದು. ಇನ್ಮೇಲೆ ಯಾವ ಪುಸ್ತಕಾನೂ ಬರಕೂಡ್ದು. ಒಲೆಗಾಕು" ಎಂದರು. ನನ್ನ ಕೈಯಿಂದಲೇ ಹಾಕಿಸಿದರು. ಅಂದು ನೂಲಿಗೆ ಕೆಂಪು ಚೆನ್ನಾಗಿ ಹಿಡಿಯಿತು, ಮಾವನವರಿಗೆ ಸಂತೋಷವಾಯಿತು.

ಸಿದ್ದಮ್ಮ ಈಗ ಸೌದೆಯನ್ನು ಹಿತ್ತಿಲ ಬಾಗಿಲ ಹೊರಗೇ ಇಳಿಸಿ ಹೋಗುತ್ತಾಳೆ. ನೆನ್ನೆ ಒಂದೇ ಮಾತು ಕೇಳಿದಳು: "ಕಡೇಗೆ ಕತೇಲಿದ್ದ ಆ ಉಡುಗಿ ಊರ್ ಸೇರುದ್ಲಾ, ಅವ್ವಾ?" ನನಗೂ ಗೊತ್ತಿಲ್ಲವಲ್ಲ, ಅಣ್ಣ.

ಅದೇ ಪುಸ್ತಕ ಇನ್ನೊಂದು ಸಿಕ್ಕರೆ, ನಮ್ಮ ಮಗ್ಗಕ್ಕೆ ರೇಷ್ಮೆ ನೂಲಿನ ಲಡಿಗಳನ್ನು ಕಳಿಸುವಾಗ ಒಂದೊಂದು ಲಡಿಗೂ ಒಂದೊಂದು ಹಾಳೆ ಸುತ್ತು. ಪುಸ್ತಕ ಹರಿಯಲು ನಿನಗೆ ಕೈ ಬಾರದು, ಬಲ್ಲೆ. ಆದರೂ ಹರಿ. ನೂಲು ಸುತ್ತಿದ ಕಾಗದವನ್ನು ಇಲ್ಲಿ ಯಾರೂ ನೋಡುವುದಿಲ್ಲ. ಲಡಿ ಬಿಚ್ಚುವವಳು ನಾನೇ. ಓದಿದ ಹಾಳೆಯನ್ನು ಹಿತ್ತಿಲ ಸೌದೆಯ ಅಡಿ ಇಟ್ಟರೆ ಅವಳಿಗೆ ಸೇರುತ್ತದೆ. ಹಾಳೆಗಳು ಹಿಂದುಮುಂದಾದರೂ ಚಿಂತೆಯಿಲ್ಲ. ಕಡಿದುಹೋದ ಎಳೆ ಹುಡುಕಿ ಗಂಟು ಹಾಕುವುದು ನನಗೆ ರೂಢಿ.

ಕೊನೆಯ ಹಾಳೆಯನ್ನು ಮಾತ್ರ ಮೊದಲ ಲಡಿಗೇ ಸುತ್ತು. ಸಿದ್ದಮ್ಮ ಕೆಮ್ಮಿದಾಗ ಸೆರಗಿನಲ್ಲಿ ರಕ್ತ ಕಾಣುತ್ತಿದೆ.

ನಿನ್ನ ತಂಗಿ,
ಚೌಡಮ್ಮ