ಅತ್ತೆಯ ದನಿಗೆ ಬ್ಯಾಕಪ್

ಮಾರ್ಚ್ 3, ಸೋಮವಾರ

ಮತ್ತೆ ಅದೇ ಮೆಸೇಜ್. ‘ನಿಮ್ಮ ಕಂಪ್ಯೂಟರ್ ಹೊಸ ಆವೃತ್ತಿಗೆ ಇನ್ನೂ ಸಿದ್ಧವಾಗಿಲ್ಲ.’ ನಾನೂ ಸಿದ್ಧವಾಗಿಲ್ಲ, ಏನೀಗ? ಮುಚ್ಚಿ ಕೆಲಸ ಮುಂದುವರಿಸಿದೆ. ವಾಷಿಂಗ್ ಮೆಷಿನ್ ಕಂಪನಿಗೆ ಬರುವ ದೂರುಗಳಿಗೆಲ್ಲ ಮನೆಯಿಂದಲೇ ಉತ್ತರ. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.’ ಒಬ್ಬರ ಮೆಷಿನ್ ಹೊಸ ಅಂಗಿಯ ತೋಳು ನುಂಗಿದೆಯಂತೆ. ಫೋಟೋ ಕಳಿಸಿದ್ದರು. ಅವರಿಗೂ ವಿಷಾದಿಸಿದೆ.

ಮಧ್ಯಾಹ್ನ ಕಂಪ್ಯೂಟರ್ ಅತ್ತೆಗೆ ಬಿಟ್ಟುಕೊಟ್ಟೆ. ಮನೆಗೆ ಇರುವುದು ಇದೊಂದೇ. ಬೆಳಿಗ್ಗೆ ನನ್ನ ಹೊಟ್ಟೆಪಾಡು, ಆಮೇಲೆ ಅತ್ತೆಯ ಬಾಯಿ. ಗಂಟಲಿನ ಆಪರೇಷನ್‌ನಲ್ಲಿ ದನಿ ಹೋಗುವ ಮುಂಚೆ ಅವರ ದನಿಯಲ್ಲೇ ಬೇಕಾದ ಮಾತುಗಳನ್ನು ರೆಕಾರ್ಡ್ ಮಾಡಿಸಿದ್ದೆವು. ಒಂದೊಂದು ಮಾತಿಗೆ ಒಂದೊಂದು ಬಟನ್. ಕೂತವರೇ ಒತ್ತಿದರು — “ಇನ್ನೂ ಆಗ್ಲಿಲ್ವಾ?” ಮೂರು ವರ್ಷದಿಂದ ಅದೇ ದನಿ, ಅದೇ ಮೊನಚು. ಸವೆಯುವುದೇ ಇಲ್ಲ.

ಮಾರ್ಚ್ 5

ಆಫೀಸಿನಿಂದ ಮೇಲ್. ಹೊಸ ಸಿಸ್ಟಮ್ ಹಾಕಿಸದವರ ಲಾಗಿನ್ ಈ ತಿಂಗಳ ಕೊನೆಗೆ ಬಂದ್. ಲಾಗಿನ್ ಇಲ್ಲ ಅಂದರೆ ಕೆಲಸ ಇಲ್ಲ.

ರಿಪೇರಿಯವನನ್ನು ಕರೆಸಿದೆ. ಬಿಚ್ಚಿ ನೋಡಿದ, ಧೂಳು ಊದಿದ, ಕೆಮ್ಮಿದ.

“ಕಂಪ್ಯೂಟರ್ ತಡ್ಕೊಳ್ಳತ್ತೆ ಮೇಡಂ. ಅಮ್ಮನವರ ಪ್ರೋಗ್ರಾಂ ಮಾತ್ರ ಹೊಸದ್ರಲ್ಲಿ ಓಡಲ್ಲ. ಅದನ್ನ ಮಾಡಿದ ಕಂಪನಿನೇ ಮುಚ್ಚಿಹೋಗಿದೆ.”

“ಒಳಗಿರೋ ದನಿನಾದ್ರೂ ಕಾಪಿ ಮಾಡ್ಕೋಬಹುದಲ್ವಾ?”

“ಬೀಗ ಹಾಕಿಟ್ಟಿದಾರೆ. ಬೀಗದ ಕೈ ಅವರ ಜೊತೆನೇ ಹೋಯ್ತು.”

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡರು. ಬಂದು, ಅವನ ಕೈ ಸರಿಸಿ ಒತ್ತಿದರು — “ಬಾಗಿಲು ಹಾಕು.” ಇವನನ್ನು ಸಾಗಹಾಕು ಅಂತ ಅರ್ಥ. ಇರುವ ಮಾತಲ್ಲೇ ಸಂಸಾರ ತೂಗಿಸುತ್ತಾರೆ. ಯಾರನ್ನಾದರೂ ಮೆಚ್ಚಬೇಕಾದರೆ “ಉಪ್ಪು ಸರಿ ಇದೆ.” ನಮ್ಮ ಯಜಮಾನರಿಗೆ ಪ್ರಮೋಷನ್ ಬಂದ ದಿನವೂ ಅಮ್ಮನ ಆಶೀರ್ವಾದ ಅದೇ. ಅವತ್ತು ನಕ್ಕೂ ನಕ್ಕೂ ಎಲ್ಲರಿಗೂ ಹೊಟ್ಟೆನೋವು.

ಸಂಜೆ ಇವರಿಗೆ ಹೇಳಿದೆ. ಇನ್ನೊಂದು ಕಂಪ್ಯೂಟರ್ ತಗೊಳ್ಳೋಣ ಅಂದೆ.

“ಈ ವರ್ಷ ಬೇಡ ಕಣೇ. ನೀನೇ ಏನೋ ಒಂದು ದಾರಿ ಮಾಡ್ಬಿಡು. ನಿಂಗೆ ಅದೆಲ್ಲಾ ಗೊತ್ತಾಗತ್ತೆ.”

ಮಾಡ್ಬಿಡು... ಎಷ್ಟು ಹಗುರ ಮಾತು. ಹೇಳಿ ಟೀವಿ ಜೋರು ಮಾಡಿಕೊಂಡರು.

ಮಾರ್ಚ್ 8

ಬಟ್ಟೆ ಮಡಚುವಾಗ ಒಂದು ಯೋಚನೆ ಬಂತು. ಬರೆಯಲೋ ಬೇಡವೋ... ಯಾರು ಓದುತ್ತಾರೆ, ಬರೆಯುತ್ತೇನೆ.

ಅಪ್‌ಗ್ರೇಡ್ ಆಗಿಬಿಟ್ಟರೆ “ಇನ್ನೂ ಆಗ್ಲಿಲ್ವಾ” ಇರುವುದಿಲ್ಲ. “ಹೀಗಾ ಒರೆಸೋದು” ಇರುವುದಿಲ್ಲ. ನಾನೇನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು. ಯಾರೂ ನನ್ನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಹಾಗೆಂದುಕೊಂಡಾಗ ಎಷ್ಟು ಹಾಯೆನಿಸಿತು ಅಂದರೆ ನನಗೇ ಭಯವಾಯಿತು. ಎದ್ದು ಹೋಗಿ ಅತ್ತೆಗೆ ಟೀ ಮಾಡಿಕೊಟ್ಟೆ.

“ಸಕ್ಕರೆ ಜಾಸ್ತಿ.”

ಮಾರ್ಚ್ 10

ದಾರಿ ಇದೆ. ರಿಪೇರಿಯವನೇ ಫೋನ್ ಮಾಡಿ ಹೇಳಿದ. ಹೊಸ ಸಿಸ್ಟಮ್‌ಗೆ ಬೇರೊಂದು ಪ್ರೋಗ್ರಾಂ ಸಿಗುತ್ತದೆ. ಟೈಪ್ ಮಾಡಿದ್ದನ್ನು ಓದುತ್ತದೆ — ಯಾರದೋ ಹೆಂಗಸಿನ ದನಿಯಲ್ಲಿ. ಬಟನ್‌ಗಳೂ ಇವೆ, ಅದರಲ್ಲಿ ನಮ್ಮದೇ ರೆಕಾರ್ಡಿಂಗ್ ಹಾಕಬಹುದು. ಅಂದರೆ ಹಳೆಯದರಲ್ಲಿ ಒಂದೊಂದೇ ಬಟನ್ ಒತ್ತಿ, ಸ್ಪೀಕರ್ ಪಕ್ಕ ಫೋನ್ ಇಟ್ಟು, ಪ್ರತಿ ಮಾತನ್ನೂ ಮತ್ತೆ ಹಿಡಿದುಕೊಳ್ಳಬೇಕು.

ಅತ್ತೆಗೆ ವಿವರಿಸಿದೆ. ಬಹಳ ಹೊತ್ತು ಸ್ಕ್ರೀನ್ ನೋಡಿದರು. “ಆಯ್ತು” ಒತ್ತಿದರು. ಎರಡನೇ ಸಲ ದನಿ ಕಳೆದುಕೊಳ್ಳುವ ಭಯ ಅವರಿಗೆ. ಮೊನ್ನೆಯ ಯೋಚನೆ ನೆನಪಾಗಿ ಮುಖ ಎತ್ತಲಾಗಲಿಲ್ಲ.

ಮಾರ್ಚ್ 12

ಫ್ಯಾನ್ ಬಂದ್. ಫ್ರಿಜ್ ಬಂದ್. ಕಿಟಕಿ ಮುಚ್ಚಿ ಇಬ್ಬರೂ ಬೆವರುತ್ತಾ ಕೂತೆವು. ಅತ್ತೆ ಒತ್ತುವುದು, ನಾನು ಹಿಡಿಯುವುದು. “ನೀರು ಬೇಕು” ಚೆನ್ನಾಗಿ ಬಂತು. “ದಿಂಬು ಸರಿಮಾಡು” ಬಂತು. “ಮಾತ್ರೆ ಎಲ್ಲಿ” ಹಿಂದೆ ಇವರ ಸೀನು ಸೇರಿಕೊಂಡಿತು. ಮತ್ತೆ ಮಾಡಿದರೆ ಮೇಲಿನ ಮನೆಯವರು ಗೋಡೆ ಕೊರೆಯಲು ಶುರುಮಾಡಿದರು. ಯಾವ ಜನ್ಮದ ಸೇಡೋ! ಇವತ್ತಿಗೆ ಅಲ್ಲಿಗೇ ಬಿಟ್ಟೆವು.

ಮಾರ್ಚ್ 19

ಬರೆಯಲಾಗಿರಲಿಲ್ಲ. ಜ್ವರ. ಜ್ವರದಲ್ಲೂ ವಿಷಾದಿಸಿದೆ.

ಡಿಸ್ಕ್‌ನಲ್ಲಿ ಹೊಸ ಸಿಸ್ಟಮ್‌ಗೆ ಜಾಗ ಸಾಲದಂತೆ. ತೆರೆದು ನೋಡಿದರೆ ಮುಕ್ಕಾಲು ಭಾಗ ಇವರ ಸಿನಿಮಾಗಳು. “ಅದನ್ನ ಮುಟ್ಬೇಡ, ಯಾವಾಗಾದ್ರೂ ನೋಡ್ತೀನಿ” ಅಂದರು. ಆ ‘ಯಾವಾಗಾದ್ರೂ’ ಬಂದಿದ್ದನ್ನು ನಾನಂತೂ ಕಂಡಿಲ್ಲ. ಎಲ್ಲವನ್ನೂ ಹಳೇ ಹಾರ್ಡ್ ಡಿಸ್ಕ್‌ಗೆ ಸುರಿದೆ. ಮೈಯಲ್ಲಿ ಕಸುವಿಲ್ಲ. ಸೊಂಟ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.

ಮಾರ್ಚ್ 22, ಶನಿವಾರ

ಇವತ್ತು ಬೈಗುಳದ ಬಟನ್‌ಗಳಿರುವ ಪುಟ. ಅತ್ತೆ ಅದನ್ನು ತೆರೆಯಲೇ ಇಲ್ಲ, ದಾಟಿ ಮುಂದೆ ಹೋದರು. ಮರೆತಿರಬೇಕು ಅಂತ ವಾಪಸ್ ತೋರಿಸಿದೆ.

“ಇವೂ ಇವೆಯಲ್ಲಾ ಅತ್ತೆ?”

“ಬೇಡ.”

“ಹೀಗಾ ಒರೆಸೋದು — ಇದು?”

“ಬೇಡ.”

“ಇನ್ನೂ ಆಗ್ಲಿಲ್ವಾ?”

ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. “ಬೇಡ.”

ಖುಷಿಯಾಗಬೇಕಿತ್ತು. ಸಿಟ್ಟು ಬಂತು. ಇಷ್ಟು ವರ್ಷ ಕೇಳಿಸಿಕೊಂಡವಳು ನಾನು, ನನ್ನನ್ನೊಂದು ಮಾತು ಕೇಳಬೇಡವೇ? ಫೋನ್ ಹಿಡಿದು ನಾನೇ ಬಟನ್ ಒತ್ತಿದೆ. “ಇನ್ನೂ ಆಗ್ಲಿಲ್ವಾ?” ಸ್ವಚ್ಛವಾಗಿ ಬಂತು, ಒಂದು ಸದ್ದೂ ಸೇರಲಿಲ್ಲ. ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಭುಜ ಕುಲುಕತೊಡಗಿತು. ನಗು. ಈಗ ಅವರು ನಗುವುದು ಹಾಗೆಯೇ, ಸದ್ದಿಲ್ಲದೆ. ನಾನೂ ನಕ್ಕೆ. ಕಣ್ಣಲ್ಲಿ ನೀರು ಬಂತು, ಯಾಕೋ.

ಮಾರ್ಚ್ 29, ಬೆಳಿಗ್ಗೆ

ಚಾರ್ಜರ್ ಹಾಕಿದೆ. ಬ್ಯಾಕಪ್ ಮೂರು ಸಲ ನೋಡಿದೆ. ಅತ್ತೆಯನ್ನು ಕರೆದು ಕೂರಿಸಿದೆ — ಹಳೆಯದರಲ್ಲಿ ಕೊನೆಯ ಸಲ ಏನಾದರೂ ಹೇಳುತ್ತೀರಾ ಅಂತ. ಪುಟ ತಿರುವಿ ತಿರುವಿ ಹುಡುಕಿದರು. ಹೊರಗೆ ಸುಡುಬಿಸಿಲು. ಒತ್ತಿದ್ದು — “ಲೈಟ್ ಆರಿಸು.”

‘ಅಪ್‌ಗ್ರೇಡ್’ ಒತ್ತಿದೆ.

ಅದೇ ದಿನ, ಸಂಜೆ

ಮೂವತ್ತೊಂದು ಪರ್ಸೆಂಟ್‌ನಲ್ಲಿ ಮೊಂಡು ಹಿಡಿದಿದೆ. ಬ್ಯಾಟರಿ ಸತ್ತು ವರ್ಷವಾಗಿದೆ, ಕರೆಂಟ್ ಹೋದರೆ ಮುಗಿಯಿತು. ಅತ್ತೆ ಪಕ್ಕದ ಕುರ್ಚಿ ಬಿಟ್ಟು ಕದಲಿಲ್ಲ. ಏನಾದರೂ ಬೇಕಾದರೆ ಚಪ್ಪಾಳೆ ತಟ್ಟಿ ಅಂದೆ. ಒಮ್ಮೆಯೂ ತಟ್ಟಲಿಲ್ಲ.

ಮಾರ್ಚ್ 31

ಆಯಿತು. ಲಾಗಿನ್ ತೆರೆಯಿತು, ಬೆಳಿಗ್ಗೆ ಎಂದಿನಂತೆ ವಿಷಾದಿಸಿದೆ. ಮಧ್ಯಾಹ್ನವೆಲ್ಲ ಹೊಸ ಪ್ರೋಗ್ರಾಂಗೆ ಅತ್ತೆಯ ಮಾತುಗಳನ್ನು ತುಂಬಿದೆ. ಎರಡು ಮೂರು ಕೆಟ್ಟಿವೆ, ಉಳಿದದ್ದೆಲ್ಲ ಇದೆ. ದನಿ ಸ್ವಲ್ಪ ಬಾವಿಯೊಳಗಿನಿಂದ ಬಂದಂತೆ. ಆದರೂ ಅವರದೇ. ಟೈಪ್ ಮಾಡುವ ಜಾಗ ಎಲ್ಲಿದೆ ಅಂತಲೂ ತೋರಿಸಿಕೊಟ್ಟೆ.

ಇವರು ಬಂದರು. ಷೂ ಬಿಚ್ಚುತ್ತಲೇ ಶುರು — “ಟೀ ಕೊಡೇ. ನನ್ನ ಸಿನಿಮಾನೆಲ್ಲಾ ವಾಪಸ್ ಹಾಕ್ಬಿಡು. ಹಾಗೇ ಆ ನೀಲಿ ಅಂಗಿಗೆ ಒಂದು ಇಸ್ತ್ರಿ...”

ಎದ್ದೆ. ಕಾಲೆರಡೂ ಸೀಸದ ಹಾಗಿದ್ದವು.

ಅತ್ತೆ ಒಂದೇ ಬೆರಳಲ್ಲಿ ಏನೋ ಕುಟ್ಟುತ್ತಿದ್ದರು. ಆಟವಾಡುತ್ತಿದ್ದಾರೆ ಅಂದುಕೊಂಡಿದ್ದೆ. ಕಂಪ್ಯೂಟರ್ ಮಾತಾಡಿತು. ಅತ್ತೆಯ ದನಿಯಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಕೂಗುವ ಹೆಂಗಸಿನ ದನಿ.

“ನೀನು ಕೂತ್ಕೋ. ಅವನು ಮಾಡಲಿ.”

“ಯಾರದು?” ಅಂದರು ಇವರು, ಗಾಬರಿಯಿಂದ.

ಅತ್ತೆ ಇನ್ನೊಮ್ಮೆ ಒತ್ತಿದರು. “ನೀನು ಕೂತ್ಕೋ. ಅವನು ಮಾಡಲಿ.”

ಇವರು ಅಮ್ಮನ ಮುಖ ನೋಡಿದರು. ಒಂದು ಷೂ ಇನ್ನೂ ಕಾಲಲ್ಲೇ ಇತ್ತು. ಹಾಗೆಯೇ ಅಡುಗೆಮನೆಗೆ ಹೋದರು. “ಟೀ ಪುಡಿ ಎಲ್ಲಿಟ್ಟಿದ್ದೀಯ?” ಬಾಯಿ ತೆರೆದೆ. ಅತ್ತೆ ನನ್ನ ಮಣಿಕಟ್ಟು ಹಿಡಿದು ಅದುಮಿದರು. ಕೂತೆ.

ಅವರ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿ ನೋಡುವ ಸದ್ದು. ಅತ್ತೆ ಮತ್ತೆ ಟೈಪ್ ಮಾಡುತ್ತಿದ್ದಾರೆ. ಒಂದು ಅಕ್ಷರ, ಹುಡುಕಾಟ, ಇನ್ನೊಂದು ಅಕ್ಷರ. ಸ್ಕ್ರೀನ್ ಮೇಲೆ ಇಷ್ಟು ಬಂದಿದೆ — ‘ಇಷ್ಟು ದಿನ ನಿನಗೆ’ — ಮುಂದಿನದು ಸಿಗುತ್ತಿಲ್ಲ ಅಂತ ಕಾಣುತ್ತದೆ, ನನ್ನ ಕಡೆ ತಿರುಗಿ ಕೀಬೋರ್ಡ್ ತೋರಿಸುತ್ತಿದ್ದಾರೆ. ಪೆನ್ನು ಇಟ್ಟು ಅಕ್ಷರ ಹುಡುಕಿಕೊಡಬೇಕು.