ಚಿಲಕ ಹಾಕದ ಬಾಗಿಲು

ಮಾರ್ಚ್ 4

ಸ್ಕೂಲ್ ಯೂನಿಫಾರಂಗಳಿಗೆ ಕಾಜಾ ಹೊಲಿಯುವುದು ಇನ್ನೂ ಬಾಕಿ. ಮೆಷಿನ್‌ಗೆ ಎಣ್ಣೆ ಬಿಡಲು ಹೋದರೆ — ಇವರು ಆಗಲೇ ಬಿಟ್ಟಿದ್ದಾರೆ. ಹೇಳದೆ, ಕೇಳದೆ. ಮದುವೆಯಾದಾಗಿನಿಂದ ಕುಡಿದ ಲೋಟ ಎತ್ತಿಡದ ಮನುಷ್ಯ. ಲಿಫ್ಟ್ ರಿಪೇರಿ ಮುಗಿಸಿ ಬಂದರೆ ಸೋಫಾಗೆ ಅಂಟಿಕೊಳ್ಳುವ ಮನುಷ್ಯ.

ಏನೋ ಇದೆ.

ಮಾರ್ಚ್ 7

ಎದುರು ಮನೆಯವರ ಡ್ರಿಲ್ ವಾಪಸ್ ಕೊಟ್ಟು ಬಂದರು. ಅದು ನಮ್ಮದೇ ಅಂದುಕೊಂಡಿದ್ದೆ. ತಮ್ಮ ಸೂಪರ್‌ವೈಸರ್ ಹತ್ತಿರ ಕ್ಷಮೆಯನ್ನೂ ಕೇಳಿದರಂತೆ. ಅವನ ಹೆಂಡತಿ ಪ್ಯಾಂಟ್ ಆಲ್ಟರ್ ಮಾಡಿಸಲು ಬಂದವಳು ಹೇಳಿದಳು. "ನಿಮ್ಮನೆಯವ್ರು ಆರೋಗ್ಯವಾಗಿದ್ದಾರೆ ತಾನೇ?" ಅಂದಳು.

ಇವರ ಜೇಬು, ಬ್ಯಾಗು ಎಲ್ಲ ಜಾಲಾಡಿದೆ. ಡಾಕ್ಟರ್ ಚೀಟಿ ಇಲ್ಲ. ಸ್ಪ್ಯಾನರ್, ಟಾರ್ಚು. ಹಾಗಾದರೆ ಹೆಂಗಸೇ.

ಮಾರ್ಚ್ 10, ಭಾನುವಾರ

ಚರ್ಚಿನಲ್ಲಿ ಪಾಸ್ಟರ್ ಮತ್ತೆ ಅದೇ ಕಥೆ — ಮದಲಿಂಗನಿಗೆ ಕಾದ ಕನ್ಯೆಯರು, ಅವನು ಬರುವ ಹೊತ್ತಿಗೆ ದೀಪದ ಎಣ್ಣೆ ಮುಗಿದು ಹೊರಗೇ ಉಳಿದವರು. "ಕರ್ತನು ಈ ಲೋಕಕ್ಕೆ ಮತ್ತೆ ಯಾವ ಗಳಿಗೇಲಿ ಬರ್ತಾನೋ ಗೊತ್ತಿಲ್ಲ. ಏನೇನು ಬಾಕಿ ಇದೆ, ಇವತ್ತೇ ನೋಡ್ಕೊಳ್ಳಿ." ನನಗೆ ತೂಕಡಿಕೆ. ಕಣ್ಣು ಬಿಟ್ಟರೆ ಇವರ ಕಣ್ಣಲ್ಲಿ ನೀರು.

ಯಾರನ್ನು ನೆನೆಸಿಕೊಂಡು?

ಮಾರ್ಚ್ 19

ನಾಚಿಕೆ ಬಿಟ್ಟು ಹಿಂಬಾಲಿಸಿದೆ. "ಲಿಫ್ಟ್ ಕೆಟ್ಟಿದೆಯಂತೆ" ಅಂದವರು ಮಾರ್ಕೆಟ್ ಹಿಂದಿನ ಬೀದಿಗೆ ಹೋದರು. ಅಲ್ಲಿ ಇರುವುದೆಲ್ಲ ಒಂದಂತಸ್ತಿನ ಮನೆಗಳು. ಹಸಿರು ಗೇಟು. ಬಾಗಿಲು ತೆರೆದವಳು... ನನ್ನ ಒಡಹುಟ್ಟಿದ ಅಕ್ಕ. ಅಮ್ಮ ತೀರಿಕೊಂಡಾಗ ಜಗಳವಾಡಿ ಹೋದವಳು. ಮತ್ತೆ ನಮ್ಮ ಕಡೆ ತಲೆ ಹಾಕದವಳು.

ಮನೆಗೆ ಬಂದು ಒಂದು ಶರ್ಟಿಗೆ ಎರಡೂ ಎಡಗೈ ತೋಳನ್ನೇ ಹೊಲಿದುಬಿಟ್ಟೆ.

ಮಾರ್ಚ್ 20

ಕೇಳಿಯೇಬಿಟ್ಟೆ. "ಅವಳ ಮನೇಲಿ ನಿಮಗೇನ್ರೀ ಕೆಲಸ?"

ಕುರ್ಚಿಯ ತುದಿಯಲ್ಲಿ ಕೂತರು. "ಅತ್ತೆ ತೀರ್ಕೊಂಡ ಮೇಲೆ ನಿಮ್ಮಕ್ಕ ಒಂದ್ಸಲ ಬಂದಿದ್ರು ಕಣೇ. ರಾಜಿ ಮಾಡ್ಕೊಳ್ಳೋಕೆ. ನೀನು ಮಲಗಿದ್ದೆ. ನನಗೋ ಅವರ ಮೇಲೆ ಕೆಟ್ಟ ಸಿಟ್ಟು. ಗೇಟಿಂದಾನೇ ವಾಪಸ್ ಕಳಿಸ್ದೆ. ನಿನಗೆ ಹೇಳ್ಲೇ ಇಲ್ಲ."

"ಈಗ್ಯಾಕೆ ಹೇಳ್ತಿದ್ದೀರಾ?"

"ಕರ್ತನು ಇವತ್ತೇ ಬಂದ್ರೆ ಇದನ್ನ ಇಟ್ಕೊಂಡು ಅವನ ಮುಂದೆ ಹೇಗೆ ನಿಲ್ಲಲಿ? ಕ್ಷಮೆ ಕೇಳೋಕೆ ಎಲ್ಲರ ಹತ್ರಾನೂ ಹೋದೆ. ನಿನ್ನ ಹತ್ರ ಬರೋಕೆ ಮಾತ್ರ ಭಯ ಆಯ್ತು."

ಇಷ್ಟು ವರ್ಷ ಅವಳನ್ನು ಕಲ್ಲುಮನಸ್ಸಿನವಳು ಅಂತ ಕಂಡವರ ಹತ್ತಿರವೆಲ್ಲ ಹೇಳಿಕೊಂಡು ಬಂದಿದ್ದೇನೆ. ಬೇರೆ ಹೆಂಗಸೇ ಆಗಿದ್ದರೆ ಬೈದಾದರೂ ಮುಗಿಸುತ್ತಿದ್ದೆ.

"ನಿಮ್ಮಕ್ಕ ಬರ್ತಾರಂತೆ," ಅಂದರು. "ಯಾವತ್ತು ಅಂತ ಹೇಳ್ಲಿಲ್ಲ."

ಮಾರ್ಚ್ 28

ಇವರ ಜೊತೆ ಮಾತು ಬಿಟ್ಟಿದ್ದೇನೆ. ಅವಳು ಬರುವುದು ಬೇಡವೇ ಬೇಡ — ಆದರೂ ಹಾಳಾದ್ದು, ಹೊರಗೆ ಗಾಡಿ ನಿಂತರೆ ಮೆಷಿನ್ ನಿಲ್ಲಿಸುತ್ತೇನೆ. ಇವತ್ತು ಶೆಲ್ಫಿನಿಂದ ಒಳ್ಳೆಯ ಟೀ ಕಪ್ಪುಗಳನ್ನು ಇಳಿಸಿ ತೊಳೆದೆ. ಸುಮ್ಮನೆ.

ಏಪ್ರಿಲ್ 6

ಬರುವುದಿಲ್ಲ ಬಿಡು. ಬರುತ್ತೇನೆ ಅಂದಳು ಅನ್ನುವುದೂ ಇವರ ಕಟ್ಟುಕಥೆಯೇ ಇರಬೇಕು. ಬಂದರೂ ಯಾವ ಮುಖ ಇಟ್ಟುಕೊಂಡು ಮಾತಾಡಲಿ? ಮೊದಲು ನಾನು ಕ್ಷಮೆ ಕೇಳಬೇಕೋ, ಅವಳೋ? ನಾಳೆ ಯೋಚಿಸಿದರಾಯಿತು. ತಲೆ ಬಾಚಿಲ್ಲ, ಮನೆ ತುಂಬ ಬಟ್ಟೆ ಚೂರು. ಕಪ್ಪುಗಳೂ ಮತ್ತೆ ಮೇಲಕ್ಕೆ ಹೋದವು. ಚಿಲಕ ಮಾತ್ರ ಬೆಳಗಿನಿಂದ ಹಾಕಿಲ್ಲ, ಯಾಕೋ —

ಗೇಟಿನ ಸದ್ದು. ಇವರ ಹೆಜ್ಜೆಯಲ್ಲ.

"ಪುಟ್ಟೀ" ಅಂತ ಕರೆಯುತ್ತಿದ್ದಾರೆ. ನನ್ನನ್ನು ಹಾಗೆ ಕರೆಯುವವಳು ಅಕ್ಕ ಒಬ್ಬಳೇ. ಇವತ್ತೇ ಬರಬೇಕಿತ್ತಾ, ನಾನಿನ್ನೂ