ಅಸ್ಸಾಂ ಬಂದಾಳೇನು?

ಮಕ್ಕಳ ರಕ್ಷಣೆಯ ಕಚೇರಿಯ ದೊಡ್ಡ ಕುರ್ಚಿಯಲ್ಲಿ ಇವತ್ತು ಯಾರು ಕೂತಿದ್ದೀರೋ, ಆ ಮಾನ್ಯರೇ,

ನೀವು ಯಾದಗಿರಿ ಕಡೆಯ ಆರು ವರ್ಷದ ಹುಡುಗಿಯನ್ನು ಪುಣೆಯಿಂದ ಅಸ್ಸಾಮಿಗೆ ಕಳುಹಿಸಿದ್ದೀರಿ. ಅವಳ ಹೆಸರು ಆರತಿ. ತಂದೆ ಶಂಕ್ರೆಪ್ಪ, ತಾಯಿ ಯಂಕವ್ವ. ಇಬ್ಬರೂ ವಿಮಾನ ನಗರದಲ್ಲಿ ಏಳುತ್ತಿರುವ ಹದಿನಾಲ್ಕು ಮಹಡಿಯ ಕಟ್ಟಡಕ್ಕೆ ಸಿಮೆಂಟು ಹೊರುವವರು. ಅವಳಿಗೂ ಅಸ್ಸಾಮಿಗೂ ಯಾವ ಸಂಬಂಧವೂ ಇಲ್ಲ. ಹನ್ನೊಂದು ತಿಂಗಳಾಯಿತು. ಅವಳನ್ನು ವಾಪಸು ತನ್ನಿ.

ಮರಾಠಿಯಲ್ಲಿ ಮೂರು ಅರ್ಜಿ, ಇಂಗ್ಲಿಷಿನಲ್ಲಿ ಒಂದು ಕೊಟ್ಟಾಗಿದೆ. ಉತ್ತರವಾಗಿ ಬಂದದ್ದು ನಾಲ್ಕು ಸ್ವೀಕೃತಿಯ ಮುದ್ರೆ. ಆದ್ದರಿಂದ ಈ ಸಲ ಕನ್ನಡದಲ್ಲಿ ಬರೆದು ಪತ್ರಿಕೆಗೆ ಕೊಡುತ್ತಿದ್ದೇನೆ. ನಿಮಗೆ ಓದಲು ಬರುವುದಿಲ್ಲವೆಂದು ಗೊತ್ತು, ಬೇಕೆಂದೇ ಬರೆದೆ. ಆರತಿಯ ಫೈಲಿನಲ್ಲಿ ಮಗುವಿನ ಭಾಷೆ ಎಂಬಲ್ಲಿ ನಿಮ್ಮವರು ‘ತಿಳಿಯುತ್ತಿಲ್ಲ, ಬಹುಶಃ ಅಸ್ಸಾಮಿ’ ಎಂದು ಬರೆದಿದ್ದಾರಲ್ಲ, ಆ ತಿಳಿಯದ ಭಾಷೆ ಇದೇ. ಓದಿಸಿಕೊಳ್ಳಲು ಬಹಳ ದೂರ ಹೋಗಬೇಡಿ. ನಿಮ್ಮ ಕಚೇರಿಗೆ ದಿನಾ ಎರಡು ಹೊತ್ತು ಚಹಾ ಬರುವುದು ಎದುರಿನ ಉಡುಪಿ ಹೋಟೆಲಿನಿಂದ. ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಮಹೇಶಕುಮಾರರು ಸಂತೋಷದಿಂದ ಓದಿ ಹೇಳುತ್ತಾರೆ. ಹನ್ನೊಂದು ತಿಂಗಳ ಹಿಂದೆ ಆ ಹುಡುಗಿಯ ಕೈ ಹಿಡಿದು ಅದೊಂದು ರಸ್ತೆ ದಾಟಿದ್ದರೆ ಸಾಕಿತ್ತು. ಆದರೆ ಕಚೇರಿಯವರಿಗೆ ರಸ್ತೆ ದಾಟುವುದಕ್ಕಿಂತ ದೇಶ ದಾಟಿಸುವುದು ಸುಲಭವಾಯಿತು.

ನಾನು ಯಾರು ಎಂದು ಕೇಳುತ್ತೀರಿ. ಸದಾಶಿವ ಪೇಠದ ಹಳೆಯ ವಾಡೆಯಲ್ಲಿ ನಲವತ್ತು ವರ್ಷದಿಂದ ಇರುವವಳು, ಬ್ಯಾಂಕಿನ ಕೆಲಸದಿಂದ ನಿವೃತ್ತಳು. ಆ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂಲಿಯವರ ಮಕ್ಕಳಿಗೆ ಅಕ್ಷರ ಕಲಿಸುತ್ತೇನೆ. ಮಕ್ಕಳು ಅಕ್ಕೋರ ಎನ್ನುತ್ತಾರೆ. ಈ ಕಥೆಯಲ್ಲಿ ತಪ್ಪಿತಸ್ಥರು ನೀವೊಬ್ಬರೇ ಅಲ್ಲ, ಆ ಮಾತಿಗೂ ಬರುತ್ತೇನೆ.

ನಮ್ಮ ಶೆಡ್ಡಿನಲ್ಲಿ ಹಾಜರಿ ಹೆಸರಿನಿಂದ ಕೂಗುವುದಿಲ್ಲ. ಗೋಡೆಗೆ ದೇಶದ ದೊಡ್ಡ ನಕ್ಷೆ ಬರೆಸಿದ್ದೇನೆ. ಒಂದೊಂದು ಮಗುವಿಗೂ ಒಂದೊಂದು ರಾಜ್ಯ, ಮಿಕ್ಕವರಿಗೆ ಕೇಂದ್ರಾಡಳಿತ ಪ್ರದೇಶ. ನಾನು “ಬಿಹಾರ ಬಂದಾನೇನು?” ಎಂದರೆ ಆ ಹುಡುಗ ಎದ್ದು ನಿಂತು “ಪಟ್ನಾ ಬಂದಾನ್ರೀ ಅಕ್ಕೋರ” ಎನ್ನಬೇಕು. ತಿಂಗಳು ಕಳೆಯುವುದರೊಳಗೆ ಎಲ್ಲ ರಾಜಧಾನಿಗಳೂ ಎಲ್ಲರಿಗೂ ಬಾಯಿಗೆ ಬರುತ್ತವೆ. ಆಂಧ್ರದ ಹುಡುಗನಿಗೆ ಮಾತ್ರ ರಾಜಧಾನಿ ಯಾವುದೆಂದು ಹೇಳುವ ಮೊದಲು ನಾನೇ ಪತ್ರಿಕೆ ನೋಡಿಕೊಳ್ಳಬೇಕಾಗುತ್ತಿತ್ತು. ಶೆಡ್ಡು ನೋಡಲು ಬರುವ ದೊಡ್ಡ ಮನುಷ್ಯರಿಗೂ ಇದು ಬಹಳ ಇಷ್ಟ. ಅವರು ಪೆನ್ನು ಹಿಡಿದುಕೊಂಡು ಹಿಂದಿಯಲ್ಲಿ “ಕೌನ್ ಸಾ ರಾಜ್ಯ?” ಎಂದು ಕೇಳುವುದು, ಮಕ್ಕಳು ಪಟಪಟನೆ ಉತ್ತರ ಕೊಡುವುದು, ಚಪ್ಪಾಳೆ. ಪೆನ್ನು ಹಿಡಿದವರು ಕೇಳಿದರೆ ಅಳಬಾರದು, ನೆಟ್ಟಗೆ ನಿಂತು ರಾಜ್ಯ, ರಾಜಧಾನಿ ಎರಡನ್ನೂ ಹೇಳಬೇಕು ಎಂದು ಎಷ್ಟು ಸಲ ಉರು ಹೊಡೆಸಿದ್ದೇನೋ ಲೆಕ್ಕವಿಲ್ಲ. ಆರತಿ ನಮ್ಮ ಅಸ್ಸಾಂ.

ಕಳೆದ ನಾಗರ ಪಂಚಮಿಗೆ ಊರಿಗೆ ಹೊರಟಾಗ ಶಂಕ್ರೆಪ್ಪ ಜಾಗ ಹಿಡಿಯಲು ಮೊದಲೇ ಜನರಲ್ ಡಬ್ಬಿಯೊಳಗೆ ನುಗ್ಗಿದ್ದ. ಯಂಕವ್ವ ಗಂಟು ಏರಿಸಿ, ಮಗುವನ್ನು ಎತ್ತಿಕೊಳ್ಳಲು ತಿರುಗುವಷ್ಟರಲ್ಲಿ ಜನ ಅವಳನ್ನು ಒಳಗೆ ತಳ್ಳಿಬಿಟ್ಟರು. ಗಾಡಿ ಬಿಟ್ಟಿತು. ಗಂಡ ಹೆಂಡತಿ ಮುಂದೆ ಗಾಡಿ ನಿಂತ ದೌಂಡ ನಿಲ್ದಾಣದಲ್ಲಿ ಇಳಿದು ಸಂಜೆಗೆ ಪುಣೆಗೆ ಓಡಿ ಬಂದರು. ಅಷ್ಟರಲ್ಲಿ ನಿಮ್ಮವರು ಮಗುವನ್ನು ನಿಲ್ದಾಣದಿಂದ ಕರೆದೊಯ್ದು, ಪೆನ್ನು ಹಿಡಿದು ಕೇಳಿಯಾಗಿತ್ತು. ನನ್ನ ಆರತಿ ಅಳಲಿಲ್ಲ. ನೆಟ್ಟಗೆ ನಿಂತು ‘ಅಸ್ಸಾಂ’ ಎಂದಳು, ‘ದಿಸ್ಪುರ’ ಎಂದಳು.

ಮರುದಿನದಿಂದ ಆ ದಂಪತಿ ನಿಮ್ಮ ಗೇಟಿನ ಮುಂದೆ ನಿಂತರು. ಅವರ ಆಧಾರ್ ಕಾರ್ಡಿನಲ್ಲಿ ಕರ್ನಾಟಕ ಎಂದಿತ್ತು. “ಕರ್ನಾಟಕದ ಮಗು ನಮ್ಮಲ್ಲಿ ಯಾವುದೂ ಇಲ್ಲ, ಇರುವುದು ಅಸ್ಸಾಮಿನ ಒಂದೇ ಮಗು” ಎಂದಿರಿ. ಆ ಒಂದನ್ನೇ ತೋರಿಸಿ ಎಂದರೆ, ಬೇರೆಯವರ ಮಗುವಿನ ಮುಖ ತೋರಿಸುವುದು ನಿಯಮಕ್ಕೆ ವಿರುದ್ಧವಂತೆ. ಹದಿನೆಂಟು ದಿನ ತಾಯಿ ಗೋಡೆಯ ಈಚೆಗಿದ್ದಳು, ಮಗು ಆಚೆಗಿತ್ತು. ಕರ್ನಾಟಕದ ಗಡಿ ಇಲ್ಲಿಂದ ಐದಾರು ತಾಸಿನ ದಾರಿ. ಆ ಹದಿನೆಂಟು ದಿನಗಳಲ್ಲಿ ಆ ಮಗು ‘ಅವ್ವಾ’ ಎಂದು ಒಮ್ಮೆಯೂ ಕರೆಯಲಿಲ್ಲವೇ? ಕರೆದಾಗ ನಿಮ್ಮಲ್ಲಿ ಒಬ್ಬರಿಗಾದರೂ ಏನೂ ಅನ್ನಿಸಲಿಲ್ಲವೇ?

ಶೆಡ್ಡಿಗೆ ಹಬ್ಬದ ರಜೆ ಕೊಟ್ಟು ನಾನು ಇಂದಾಪುರದ ತಂಗಿಯ ಮನೆಯಲ್ಲಿ ಮೂರು ವಾರಕ್ಕೂ ಹೆಚ್ಚು ಹಾಯಾಗಿ ಇದ್ದುಬಿಟ್ಟೆ. ತಿರುಗಿ ಬಂದ ದಿನವೇ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು ಫೈಲು ತೆಗೆದು, ಆ ಅಸ್ಸಾಮಿನ ಮಗುವನ್ನು ಅವಳ ರಾಜ್ಯಕ್ಕೆ ಕಳುಹಿಸಿ ನಾಲ್ಕು ದಿನವಾಯಿತು ಎಂದರು. ಆಮೇಲೆ ಮರಾಠಿಯಲ್ಲಿ, ತುಸು ಹೆಮ್ಮೆಯಿಂದಲೇ, “ರಾಜಧಾನಿಯ ಹೆಸರನ್ನೂ ಹೇಳಿದಳು ಬಾಯಿಯವರೇ, ಇನ್ನೇನು ಪುರಾವೆ ಬೇಕು?” ಎಂದರು. ಅಲ್ಲಿಯವರೆಗೆ ಆ ದಂಪತಿಗಾಗಲಿ ನಿಮಗಾಗಲಿ ಗೊತ್ತಿಲ್ಲದ್ದು ನನಗೊಬ್ಬಳಿಗೆ ಗೊತ್ತಿತ್ತು.

ಇನ್ನು ನನ್ನ ಪಾಲಿನ ತಪ್ಪು. ಕರ್ನಾಟಕ ತನಗೇ ಬೇಕೆಂದು ಮಕ್ಕಳೆಲ್ಲ ಜಗಳ ತೆಗೆದಿದ್ದರಿಂದ ಅದನ್ನು ಯಾರಿಗೂ ಕೊಡದೆ ನಾನೇ ಇಟ್ಟುಕೊಂಡಿದ್ದೆ. ಆರತಿ ತಡವಾಗಿ ಸೇರಿದವಳು, ನಾಚಿಕೆಯ ಹುಡುಗಿ, ಬಾಯಿ ಬಿಡುವುದೇ ಅಪರೂಪ. ಅವಳು ಬಂದು ನನ್ನ ಸೆರಗು ಹಿಡಿದು ಹೇಳಿದ್ದಳು: “ಅಕ್ಕೋರ, ನನಗ ನಮ್ಮ ರಾಜ್ಯಾನ ಕೊಡ್ರಿ.”

ನಾನು ನಗುತ್ತಲೇ ಹೇಳಿದೆ: “ನಿನ್ನ ರಾಜ್ಯ ಎಲ್ಲಿಗೂ ಓಡಿ ಹೋಗಂಗಿಲ್ಲವ್ವಾ. ಇದ್ದಲ್ಲೇ ಇರ್ತದ. ನೀ ಅಸ್ಸಾಂ ತಗೋ.”

ಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅವಳು ಆ ದಿನ ಬೆಂಗಳೂರು ಎನ್ನುತ್ತಿದ್ದಳು. ಈ ಮಾತು ನನ್ನನ್ನು ಅನ್ನ ಉಣ್ಣುವಾಗಲೂ ಬಿಡುವುದಿಲ್ಲ.

ಅಸ್ಸಾಮಿನವರು ನಿಮಗಿಂತ ಚುರುಕು. ಎರಡೇ ದಿನದಲ್ಲಿ ಈ ಮಗುವಿಗೆ ಅಸ್ಸಾಮಿ ಬರುವುದಿಲ್ಲವೆಂದು ಕಂಡುಹಿಡಿದು ‘ಬೇರೆ ರಾಜ್ಯಕ್ಕೆ ವರ್ಗಾಯಿಸಲಾಗಿದೆ’ ಎಂದು ಉತ್ತರ ಬರೆದರು. ಯಾವ ರಾಜ್ಯಕ್ಕೆ? ಆ ಜಾಗ ಖಾಲಿ ಬಿಟ್ಟಿದ್ದಾರೆ. ನಕ್ಷೆಯಲ್ಲಿ ಇಪ್ಪತ್ತೆಂಟು ರಾಜ್ಯಗಳಿವೆ, ಎಂಟು ಕೇಂದ್ರಾಡಳಿತ ಪ್ರದೇಶಗಳಿವೆ, ಅಂಗುಲ ಜಾಗ ಬಿಡದೆ ಬಣ್ಣ ತುಂಬಿದೆ. ಇದರಲ್ಲಿ ಆ ಖಾಲಿ ಜಾಗ ಎಲ್ಲಿದೆ, ಸ್ವಲ್ಪ ತೋರಿಸುತ್ತೀರಾ?

ಯಂಕವ್ವ ಊರಿಗೆ ಹೋಗಲಿಲ್ಲ. ಕೆಲಸದ ರಜೆಯ ದಿನ ಶೆಡ್ಡಿಗೆ ಬಂದು ನಕ್ಷೆಯ ಮುಂದೆ ನಿಲ್ಲುತ್ತಾಳೆ. ಅಕ್ಷರ ಬಾರದ ಅವಳಿಗೆ ಗೊತ್ತಿರುವುದು ಒಂದೇ ರಾಜಧಾನಿ. ಮೊದಲ ಸಲ “ದಿಸ್ಪುರ ಎಲ್ಲಿ ಬರ್ತದ್ರೀ?” ಎಂದು ಕೇಳಿದಾಗ ತೋರಿಸಿದ್ದೆ. ಅವಳು ಪುಣೆಯಿಂದ ಅಲ್ಲಿಗೆ ಗೇಣು ಹಾಕಿ ನೋಡಿದಳು. “ಮೂರು ಗೇಣೂ ಇಲ್ಲಲ್ರೀ ಅಕ್ಕೋರ. ಇಷ್ಟರಾಗ ನನ್ನ ಕೂಸು ಯಾಕ ಸಿಗವಲ್ಲದು?” ಎಂದಳು. ಪ್ರತಿ ವಾರ ಅವಳ ಬೆರಳು ಮುಟ್ಟಿ ಮುಟ್ಟಿ ಅಸ್ಸಾಮಿನ ಬಣ್ಣ ಎದ್ದು ಹೋಗಿ ಗೋಡೆಯ ಸುಣ್ಣ ಕಾಣುತ್ತಿದೆ.

ಹಾಜರಿಯನ್ನು ಹೆಸರಿನಿಂದಲೇ ಕೂಗಲು ನೋಡಿದೆ. ಮಕ್ಕಳು ಎದ್ದೇಳಲಿಲ್ಲ. ಆದ್ದರಿಂದ ದಿನಾ ಅದೇ: ಅರುಣಾಚಲ, ಆಮೇಲೆ ಅಸ್ಸಾಂ. ಬಿಟ್ಟು ಮುಂದೆ ಹೋದರೆ ಆಂಧ್ರ ಉತ್ತರ ಕೊಡುವುದಿಲ್ಲ. ಹೊಸದಾಗಿ ಬಂದ ಹುಡುಗಿ ಅವಳ ಜಾಗದಲ್ಲಿ ಕೂತಾಗ ಮಕ್ಕಳು ಜೋರು ಮಾಡದೆ, ಮೆಲ್ಲಗೆ ಕೈ ಹಿಡಿದು ಪಕ್ಕಕ್ಕೆ ಸರಿಸಿದರು. ನಾನು ಕೂಗುತ್ತೇನೆ. ಒಂದು ಉತ್ತರಕ್ಕೆ ಬೇಕಾದಷ್ಟು ಹೊತ್ತು ಎಲ್ಲರೂ ಸುಮ್ಮನಿರುತ್ತಾರೆ. ಆ ಹೊತ್ತಿನಲ್ಲಿ ನನಗೆ ಅವಳ ದನಿ ಕೇಳಿಸುತ್ತದೆ. ಮುದುಕಿಯ ಕಿವಿ ಎಂದುಕೊಳ್ಳಿ. ಆದರೆ ದನಿ ಮುಗಿದ ಮೇಲೆಯೇ ಆಂಧ್ರ ಎದ್ದು ನಿಲ್ಲುತ್ತದೆ, ಒಂದು ದಿನವೂ ಮೊದಲು ಎದ್ದಿಲ್ಲ. ಹಾಗಾದರೆ ಅವನಿಗೆ ಕೇಳಿಸುವುದೇನು?

ಈಗ ನನ್ನ ಬೇಡಿಕೆ. ಪರಿಹಾರ, ವಿಚಾರಣಾ ಸಮಿತಿ, ಕ್ಷಮೆ ಯಾವುದೂ ಬೇಡ. ಸುತ್ತೋಲೆ ಹೊರಡಿಸುವುದು ನಿಮಗೆ ಚೆನ್ನಾಗಿ ಬರುತ್ತದೆ, ಒಂದು ಹೊರಡಿಸಿ. ದೇಶದ ಪ್ರತಿಯೊಂದು ರಾಜ್ಯದ, ಪ್ರತಿಯೊಂದು ಮಕ್ಕಳ ಆಶ್ರಯದ ಅಂಗಳದಲ್ಲಿ ಒಂದು ಬೆಳಿಗ್ಗೆ ಮಕ್ಕಳನ್ನು ನಿಲ್ಲಿಸಿ “ಅಸ್ಸಾಂ ಬಂದಾಳೇನು?” ಎಂದು ಕೂಗಿಸಿ. ಎರಡೇ ಪದ, ಅವರವರ ಲಿಪಿಯಲ್ಲಿ ಬರೆದುಕೊಟ್ಟರೆ ಯಾರಾದರೂ ಕೂಗಬಹುದು. ದಿಸ್ಪುರ ಎನ್ನುವ ಮಕ್ಕಳು ಬಹಳ ಇರಬಹುದು. “ದಿಸ್ಪುರ ಬಂದಾಳ್ರೀ ಅಕ್ಕೋರ” ಎನ್ನುವವಳು ಒಬ್ಬಳೇ.

ಒಂದು ವಿಷಯ ಮರೆಯದೆ ಸುತ್ತೋಲೆಯಲ್ಲಿ ಸೇರಿಸಿ. ಅವಳು ನಾಚುತ್ತಾಳೆ, ಮೊದಲ ಸಲಕ್ಕೆ ಬಾಯಿ ಬಿಡುವುದಿಲ್ಲ. ನಾನು ಯಾವಾಗಲೂ ಎರಡನೆಯ ಸಲ ಕೂಗುತ್ತಿದ್ದೆ. ದಯವಿಟ್ಟು ಎರಡು ಸಲ ಕೂಗಿಸಿ.

ಇಂತಿ,
ಕರ್ನಾಟಕವನ್ನು ಕೇಳಿದವಳಿಗೆ ಕೊಡದೆ ತಾನೇ ಇಟ್ಟುಕೊಂಡ
ಗೌರಾಬಾಯಿ
ಸದಾಶಿವ ಪೇಠ, ಪುಣೆ